ಬರಿಗೈಗೆ ಭಾರ ಬರಲಿ

ನಿಮ್ಮ ತಾಲೀಮು ನೋಡಿದೆ. ಯುವಜನೋತ್ಸವದ ಕಟ್ಟಳೆಯಂತೆ ಆರು ಜನ, ಐದು ನಿಮಿಷ. ಮುಖಕ್ಕೆ ಬಿಳಿ ಬಣ್ಣ, ಮೈಗೆ ಕರಿ ಬಟ್ಟೆ. ಒಬ್ಬ ಕಾಣದ ಗಾಜಿನ ಗೋಡೆಯನ್ನು ಅಂಗೈಯಿಂದ ತಡವಿದ. ಇಬ್ಬರು ಇಲ್ಲದ ಹಗ್ಗ ಜಗ್ಗಿದರು. ಒಬ್ಬಳು ಎದೆಯಿಂದ ಹೃದಯ ಕಿತ್ತು ಕೊಟ್ಟಳು, ಇಸಗೊಂಡವನು ಅದನ್ನು ನೆಲಕ್ಕೆ ಹಾಕಿ ತುಳಿದ. ಸುತ್ತ ನಿಂತವರು ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆಮೇಲೆ ನೀವು "ಅಜ್ಜಾ, ಹೆಂಗಿತ್ತು?" ಅಂತ ಕೇಳಿದಿರಿ. ಕೇಳದಿದ್ದರೆ ಸುಮ್ಮನಿರುತ್ತಿದ್ದೆ. ನಾನು ಮೂಕಾಭಿನಯದ ಮಾಸ್ತರನಲ್ಲ. ಸಾಲಿ ಮಾಸ್ತರಿಕೆಯ ಜೊತೆಗೆ ದೊಡ್ಡಾಟದ ಹುಚ್ಚು ಹಚ್ಚಿಕೊಂಡು, ಸುಗ್ಗಿ ಮುಗಿದ ಮೇಲೆ ಹಳ್ಳಿ ಹುಡುಗರಿಗೆ ಹೆಜ್ಜೆ ಕಲಿಸಿದವನು. ಆ ಕಣ್ಣಿಗೆ ಕಂಡದ್ದಷ್ಟನ್ನು ಹೇಳಬಲ್ಲೆ.

ಮೊದಲು ಆ ಗಾಜಿನ ಗೋಡೆಯ ಮಾತು. ಅದನ್ನು ಲೋಕಕ್ಕೆಲ್ಲ ಹಂಚಿದಾತ ಫ್ರಾನ್ಸಿನ ಮಾರ್ಸೆಲ್ ಮಾರ್ಸೋ. 1923ರಲ್ಲಿ ಹುಟ್ಟಿ 2007ರಲ್ಲಿ ತೀರಿಕೊಂಡಾತ. ಮುಖಕ್ಕೆ ಬಿಳಿ ಬಳಿದು, ಜಜ್ಜಿದ ಟೊಪ್ಪಿಗೆಗೆ ಹೂವು ಸಿಕ್ಕಿಸಿಕೊಂಡ ಬಿಪ್ ಎಂಬ ಪಾತ್ರವನ್ನು 1947ರಲ್ಲಿ ಹುಟ್ಟಿಸಿದ. ನೀವು ಮೊಬೈಲಿನಲ್ಲಿ ನೋಡಿ ಕಲಿತದ್ದೆಲ್ಲ ಆತನ ನೆರಳಿನ ನೆರಳು. ಆದರೆ ಆತನ ಬದುಕು ನಿಮಗೆ ಗೊತ್ತಿರಬೇಕು. ತಂದೆಯನ್ನು ನಾಜಿಗಳು ಆಶ್‌ವಿಟ್ಸ್‌ಗೆ ಒಯ್ದು ಕೊಂದರು. ಮಗ ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ಯಹೂದಿ ಮಕ್ಕಳನ್ನು ಗುಟ್ಟಾಗಿ ಸ್ವಿಟ್ಜರ್ಲೆಂಡಿನ ಗಡಿಗೆ ದಾಟಿಸುವ ಕೆಲಸಕ್ಕೆ ಇಳಿದ. ದಾರಿಯಲ್ಲಿ ಮಕ್ಕಳು ಅತ್ತರೆ ಎಲ್ಲರ ಜೀವವೂ ಹೋದಂತೆ. ಅವರು ಸದ್ದು ಮಾಡದೆ ನಗುತ್ತ ಇರಲೆಂದು ಅಭಿನಯ ಮಾಡಿ ತೋರಿಸುತ್ತಿದ್ದನಂತೆ. ಆತ ಬಾಯಿ ಮುಚ್ಚಿದ್ದಕ್ಕೆ ಒಂದು ಕಾರಣವಿತ್ತು. ಆತ ಕಟ್ಟಿದ ಗೋಡೆಗೂ ಕಾರಣವಿತ್ತು. ನಿಮ್ಮ ಗೋಡೆಗೆ ಯಾವ ಕಾರಣ? ಕೊಟ್ಟೂರಿನಲ್ಲಾಗಲಿ ಕೂಡ್ಲಿಗಿಯಲ್ಲಾಗಲಿ ನಿಮ್ಮನ್ನು ಅಡ್ಡಗಟ್ಟಿದ ಗೋಡೆಗಳು ಬೇರೆ ಇವೆ. ಅವು ಗಾಜಿನವಲ್ಲ. ಅವನ್ನು ತಡವಿ ನೋಡಿದ್ದೀರಾ?

ಇನ್ನು ಹಗ್ಗ. ಜಗ್ಗಿದಿರಿ, ಸರಿ. ಆ ತುದಿಗೆ ಏನು ಕಟ್ಟಿತ್ತು?

ಬಾವಿಯ ಕೊಡ ಕಟ್ಟಿದ್ದರೆ ಹಗ್ಗದ ನಡತೆಯೇ ಬೇರೆ. ಕೊಡ ನೀರಿನೊಳಗೆ ಮುಳುಗಿರುವ ತನಕ ಹಗುರ. ನೀರಿನ ಮೇಲಕ್ಕೆ ಬಂದ ಗಳಿಗೆಯಲ್ಲಿ ಒಮ್ಮೆಲೇ ಭಾರ. ಸೇದುವವಳ ಸೊಂಟ ಆ ಗಳಿಗೆಯಲ್ಲಿ ಒಂದಿಷ್ಟು ಕುಸಿದು ಮತ್ತೆ ನಿಲ್ಲುತ್ತದೆ. ಅದೊಂದನ್ನು ಸರಿಯಾಗಿ ತೋರಿಸಿದರೆ ಸಾಕು, ನೋಡುವವನಿಗೆ ಬಾವಿ ಕಾಣುತ್ತದೆ, ನೀರು ಎಷ್ಟು ಆಳದಲ್ಲಿದೆ ಎಂಬುದೂ ಕಾಣುತ್ತದೆ. ಎಮ್ಮೆ ಕಟ್ಟಿದ್ದರೆ ಬೇರೆ ಲೆಕ್ಕ. ಅದು ಜಗ್ಗಿದಷ್ಟೂ ನಿಂತು, ತನ್ನ ಮನಸ್ಸು ಬಂದಾಗ ಮುಂದೆ ಬಂದುಬಿಡುತ್ತದೆ. ಆಗ ಹಗ್ಗ ಸಡಿಲಾಗಿ ಜಗ್ಗುವವನು ಹಿಂದಕ್ಕೆ ಮುಗ್ಗರಿಸಬೇಕು. ಇನ್ನು ಕೊಟ್ಟೂರ ತೇರು. ಅದು ಮೊದಲು ಅಲುಗುವುದೇ ಇಲ್ಲ. ಸಾವಿರ ಜನರ ಉಸಿರು ಒಂದಾಗುವ ತನಕ ಕಾಯಬೇಕು. ಹೊರಟ ಮೇಲೆ ಎಳೆಯುವ ಚಿಂತೆ ಹೋಗಿ ನಿಲ್ಲಿಸುವ ಚಿಂತೆ ಹತ್ತುತ್ತದೆ. 2017ರಲ್ಲಿ ಆ ತೇರು ಉರುಳಿತಲ್ಲ, ಅದನ್ನು ಕಂಡವರನ್ನು ಹೋಗಿ ಕೇಳಿ. ಹೇಳಲು ಬಾಯಿ ತೆರೆಯುವ ಮೊದಲೇ ಅವರ ಹೆಗಲು ಒಂದು ಕಡೆ ವಾಲಿರುತ್ತದೆ. ಮಾತು ಬರುವುದು ಆಮೇಲೆ. ನಿಮಗೆ ಬೇಕಾದದ್ದು ಆ ವಾಲುವಿಕೆ. ಮೂರು ಹಗ್ಗಕ್ಕೆ ಮೂರು ಮೈ. ನಿಮ್ಮದು ಯಾವ ಹಗ್ಗವೂ ಆಗಿರಲಿಲ್ಲ, ಬರೀ ಮುಷ್ಟಿ ಹಿಂದೆ ಮುಂದೆ ಆಡಿಸಿದಿರಿ.

ಇಲ್ಲದ ವಸ್ತುವನ್ನು ಎತ್ತುವಾಗ ಹುಡುಗರು ಕೈಯಿಂದ ಎತ್ತುತ್ತಾರೆ. ನಿಜವಾಗಿ ಎತ್ತುವವರು ಹಾಗೆ ಮಾಡುವುದಿಲ್ಲ. ಶೇಂಗಾದ ಚೀಲ ಎತ್ತುವ ಹಮಾಲಣ್ಣನನ್ನು ಕೊಟ್ಟೂರಿನ ಅಡತಿ ಅಂಗಡಿಗಳ ಮುಂದೆ ನಿಂತು ನೋಡಿ. ಮೊದಲು ಕಣ್ಣು ಚೀಲವನ್ನು ತೂಗುತ್ತದೆ. ಆಮೇಲೆ ಪಾದ ಅಗಲವಾಗುತ್ತದೆ. ಉಸಿರು ನಿಲ್ಲುತ್ತದೆ. ಮೊಣಕಾಲು ಬಾಗುತ್ತದೆ. ಕೈ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಇಳಿಸುವಾಗ ಇದರ ತಿರುವು ಮುರುವು: ಕೈ ಬಿಟ್ಟ ಮೇಲೂ ಬೆನ್ನು ಸ್ವಲ್ಪ ಹೊತ್ತು ಚೀಲವನ್ನು ಹೊತ್ತುಕೊಂಡೇ ಇರುತ್ತದೆ, ನಿಧಾನಕ್ಕೆ ನೆಟ್ಟಗಾಗುತ್ತದೆ. ಮಾರ್ಸೋಗೆ ಕಲಿಸಿದ ಎತಿಯೆನ್ ದೆಕ್ರೂ ಎಂಬ ಗುರು ಇದ್ದ. ಮುಖಕ್ಕಿಂತ ಮುಂಡ ಮುಖ್ಯ ಎನ್ನುವುದು ಆತನ ಹಟ. ಶಿಷ್ಯರ ಮುಖಕ್ಕೆ ಮುಸುಕು ಹಾಕಿಸಿ ಆಡಿಸುತ್ತಿದ್ದ. ನೀವೂ ಒಂದು ವಾರ ಮುಖಕ್ಕೆ ಟವೆಲ್ಲು ಕಟ್ಟಿಕೊಂಡು ತಾಲೀಮು ಮಾಡಿ. ಹುಬ್ಬು ಹಾರಿಸುವುದು, ತುಟಿ ಕೊಂಕಿಸುವುದು ಇವಕ್ಕೆಲ್ಲ ದಾರಿ ಮುಚ್ಚಿದಾಗ ಬೆನ್ನಿಗೆ ಎಷ್ಟು ಮಾತು ಬರುತ್ತದೆ ಎಂದು ಗೊತ್ತಾಗುತ್ತದೆ. ನಿಮ್ಮಲ್ಲಿ ಒಬ್ಬನು ಮಾತ್ರ, ಎಲ್ಲರಿಗಿಂತ ಹಿಂದೆ ನಿಂತವನು, ಮೈಯಿಂದ ಆಡಿದ. ಅವನ ಮುಖ ನನಗೆ ಸರಿಯಾಗಿ ಕಾಣಲೂ ಇಲ್ಲ.

ಹಡಗಲಿಯ ತಂಗಿಯರೇ, ನೀವು ಇಬ್ಬರು ಹೂವು ಕಟ್ಟುವ ಮನೆಯಿಂದ ಬಂದವರು ಅಂದಿರಿ. ಹಾಗಿದ್ದೂ ಹೂವಾಡಗಿತ್ತಿಯ ಪಾತ್ರದಲ್ಲಿ ಸಿನಿಮಾದವರಂತೆ ಬುಟ್ಟಿ ಸೊಂಟಕ್ಕಿಟ್ಟು ಕುಣಿಕುಣಿದು ಬಂದಿರಲ್ಲ, ನನಗೆ ನಗು ಬಂತು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಹೆಸರು ದೇಶಕ್ಕೆಲ್ಲ ಹೋಗಿದೆ. ಅದನ್ನು ಬಿಡಿಸುವ ಕೈಯ ಕೆಲಸ ಮಾತ್ರ ನಿಮ್ಮ ಮನೆಯಲ್ಲೇ ಉಳಿದಿದೆ. ಇಬ್ಬನಿ ಇರುವಾಗಲೇ ತೋಟಕ್ಕೆ ಹೋಗುವುದು, ಅರಳದ ಮೊಗ್ಗನ್ನೇ ನೋಡಿ ಎರಡು ಬೆರಳ ತುದಿಯಲ್ಲಿ ತುಂಬು ಮುರಿಯುವುದು, ಮುರಿದದ್ದು ಅಂಗೈಯೊಳಗೆ ಸೇರುತ್ತ ಸೇರುತ್ತ ಮುಷ್ಟಿ ತುಂಬಿದಾಗ ಮಡಿಲಿಗೆ ಸುರಿಯುವುದು. ನಡು ಬಗ್ಗಿದ್ದು ಎದ್ದಿಲ್ಲ, ಕಣ್ಣು ಮುಂದಿನ ಗಿಡಕ್ಕೆ ಹೋಗಿಯಾಯಿತು, ಕೈ ಇನ್ನೂ ಹಿಂದಿನ ಗಿಡದಲ್ಲಿದೆ. ಅದು ಮಾಡಿ ತೋರಿಸಿ.

ಆಮೇಲೆ ಮೊಳ ಹಾಕುವುದು. ಇದು ನಮ್ಮ ಸೀಮೆಯ ಮೂಕಾಭಿನಯದ ಪಾಠಪುಸ್ತಕ ಎಂದೇ ನಾನು ಎಣಿಸಿದ್ದೇನೆ. ಮೊಣಕೈಯಿಂದ ನಡುಬೆರಳ ತುದಿಗೆ ಮಾಲೆಯನ್ನು ಅಳೆಯುವ ಒಂದೇ ಒಂದು ಚಲನೆ. ಜಿಪುಣಿ ಅಳೆಯುವಾಗ ಬೆರಳು ಮಡಚಿರುತ್ತದೆ, ಮೊಣಕೈ ಒಳಗೆ ಸರಿದಿರುತ್ತದೆ. ಧಾರಾಳಿ ಅಳೆಯುವಾಗ ಬೆರಳ ತುದಿಯಾಚೆಗೂ ನಾಲ್ಕು ಹೂವು ಹೋಗುತ್ತವೆ. ಕೊಳ್ಳುವವಳ ಸೊಸೆ ಬಸುರಿ ಎಂದು ಗೊತ್ತಿದ್ದವಳು ಅಳೆದು ಮುಗಿಸಿ, ಒಂದು ಗಳಿಗೆ ತಡೆದು, ಇನ್ನೊಂದು ಗೇಣು ಸೇರಿಸಿ ಕತ್ತರಿಸುತ್ತಾಳೆ. ಕೊಳ್ಳಲು ಬಂದವಳು ಗಂಡ ಸತ್ತ ಮೇಲೆ ಮೊದಲ ಸಲ ಬಜಾರಿಗೆ ಬಂದವಳಾಗಿದ್ದರೆ? ಮಗಳಿಗೆಂದು ಹೂವು ತೆಗೆದುಕೊಳ್ಳುತ್ತಾಳೆ. ಮಾರುವವಳಿಗೆ ಗೊತ್ತು, ಇವಳಿಗೂ ಗೊತ್ತು. ಅಳೆಯುವ ಕೈ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ? ಹೃದಯ ಕಿತ್ತು ಕೊಡುವ ಆಟಕ್ಕಿಂತ ಇದು ದೊಡ್ಡದು ಎಂದು ನನ್ನ ತೀರ್ಮಾನ. ಇದರಲ್ಲಿ ಒಂದು ಹನಿ ಕಣ್ಣೀರೂ ಬೇಕಿಲ್ಲ.

ಈಗ ಹಗಲುವೇಷದವರ ಮಾತಿಗೆ ಬರುತ್ತೇನೆ. ನೀವು ಅವರನ್ನು ಜಾತ್ರೆಯಲ್ಲೋ ಸರ್ಕಾರದ ಉತ್ಸವದ ಮೆರವಣಿಗೆಯಲ್ಲೋ ಕಂಡಿರಬಹುದು. ನಮ್ಮ ಕಾಲದಲ್ಲಿ ಅವರು ಊರಿಗೇ ಬರುತ್ತಿದ್ದರು. ಬುಡ್ಗ ಜಂಗಮರು ಎಂಬ ಅಲೆಮಾರಿ ಸಮುದಾಯದ ಮಂದಿ. ದರೋಜಿಯ ಈರಮ್ಮನವರ ಹೆಸರು ಕೇಳಿರಬೇಕು. ಬುರ್ರಕಥೆಯ ಮಹಾಕಾವ್ಯಗಳನ್ನು ಒಂದಕ್ಷರ ಓದದೆ ನಾಲಿಗೆಯ ಮೇಲೆ ಹೊತ್ತುಕೊಂಡು ತಿರುಗಿ 2014ರಲ್ಲಿ ತೀರಿಕೊಂಡ ತಾಯಿ. ಅವರೂ ಅದೇ ಸಮುದಾಯದವರು. ಹಗಲುವೇಷದವರು ಊರ ಹೊರಗೆ ಬಿಡಾರ ಹೂಡಿ, ದಿನಕ್ಕೊಂದು ವೇಷ ಕಟ್ಟಿ, ಕೊನೆಯ ದಿನ ಮನೆಮನೆಯಿಂದ ಕಾಳು ಕಡಿ ಕೇಳಿ ಹೋಗುತ್ತಿದ್ದರು.

ಅವರು ಮೂಕರಲ್ಲ. ಹಾಡುತ್ತಾರೆ, ಮಾತು ಹೊಡೆಯುತ್ತಾರೆ, ಜೊತೆಗೆ ಹಾರ್ಮೋನಿಯಂ, ತಬಲ. ಆದರೂ ನೀವು ಕಲಿಯಬೇಕಾದದ್ದು ಅವರ ಹತ್ತಿರ ಇದೆ. ನಾಟಕದವನಿಗೆ ಪರದೆ ಇದೆ, ದೀಪ ಇದೆ, ನೋಡುವವನಿಗೂ ಅವನಿಗೂ ನಡುವೆ ಹತ್ತು ಮಾರು ದೂರ ಇದೆ. ಹಗಲುವೇಷದವನಿಗೆ ಇದ್ಯಾವುದೂ ಇಲ್ಲ. ನೆತ್ತಿಯ ಮೇಲೆ ಸುಡುವ ಬಿಸಿಲು. ಬಣ್ಣ ಬೆವರಿಗೆ ಇಳಿಯುತ್ತಿದೆ. ಎದುರಿಗೆ ಚಹದ ಅಂಗಡಿ, ಸೈಕಲ್ಲು, ನಾಯಿ. ಅಂಥಲ್ಲಿ ರಾವಣನಾಗಿ ನಡೆದು ಬರಬೇಕು. ಬೀದಿಯ ಆ ತುದಿಯಲ್ಲಿ ಇರುವಾಗಲೇ, ಅವನ ದನಿ ಇನ್ನೂ ಮುಟ್ಟದಿರುವಾಗಲೇ, ಮಕ್ಕಳು ಅವ್ವನ ಸೆರಗಿನ ಹಿಂದೆ ಸರಿಯುತ್ತಿದ್ದರು. ಏನು ಮಾಡಿದ್ದ ಅವನು? ನಡೆದಿದ್ದ, ಅಷ್ಟೆ. ಆದರೆ ಆ ನಡಿಗೆಯಲ್ಲಿ ಲಂಕೆಯ ತೂಕವಿತ್ತು. ಅಂಗಡಿಯ ಶೆಟ್ಟರು ಚಿಲ್ಲರೆ ಕೊಡಲು ಕೈ ಚಾಚಿದಾಗ ಅವನು ಬೇಡುವವನಾಗಿ ಬಾಗುತ್ತಿರಲಿಲ್ಲ, ಕಪ್ಪ ತೆಗೆದುಕೊಳ್ಳುವ ಅರಸನಂತೆ ತೆಗೆದುಕೊಳ್ಳುತ್ತಿದ್ದ. ಹೊಟ್ಟೆ ಹಸಿದಿದ್ದರೂ ಅಂಗೈ ಮೇಲ್ಮುಖವಾಗಿ ಕುಗ್ಗುತ್ತಿರಲಿಲ್ಲ. ವೇಷ ತೊಟ್ಟಷ್ಟು ಹೊತ್ತು ವೇಷಕ್ಕೆ ತಕ್ಕ ಹಾಗೆ ಇರುವುದು ಎಷ್ಟು ಕಷ್ಟ ಎಂಬುದು ಬಡತನದಲ್ಲಿ ವೇಷ ತೊಟ್ಟವನಿಗೇ ಗೊತ್ತು. ಈ ಮನೆಗಳ ಮಕ್ಕಳು ಈಗ ಸಾಲಿಗೆ ಹೋಗಿ, ನೌಕರಿ ಹುಡುಕಿ, ವೇಷ ಬಿಟ್ಟಿದ್ದರೆ ಅದನ್ನು ತಪ್ಪೆನ್ನುವ ಬಾಯಿ ನನಗಿಲ್ಲ. ಕಲೆ ಉಳಿಯಲಿ ಎಂದು ಇನ್ನೊಬ್ಬರ ಮಕ್ಕಳು ಭಿಕ್ಷೆಗೆ ಹೋಗಲಿ ಎನ್ನಲಾದೀತೇ? ಆದರೆ ಕಲಿಯಲು ಇಷ್ಟವಿರುವ ನೀವು ಅವರ ಮನೆ ಬಾಗಿಲಿಗೆ ಹೋಗಬಹುದಲ್ಲ. ಹೋಗುವಾಗ ಗುರುವಿನ ಮನೆಗೆ ಹೋದ ಹಾಗೆ ಹೋಗಿ. ಕಲಿತದ್ದಕ್ಕೆ ದಕ್ಷಿಣೆ ಕೊಡಿ. ವಿಡಿಯೋ ಮಾಡಿಕೊಂಡು ಬಂದುಬಿಡಬೇಡಿ.

ಬಿಸಿಲಲ್ಲಿ ಆಡುವುದನ್ನು ನೀವೂ ಮಾಡಿ ನೋಡಬೇಕು. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ, ಬಣ್ಣ ಹಚ್ಚದೆ, ಹಾಡು ಹಾಕದೆ, ನಿಮ್ಮ ಐದು ನಿಮಿಷ ಮಾಡಿ. ಬಸ್ಸಿಗೆ ಕಾದು ಬೇಸತ್ತ ಹೆಣ್ಣುಮಗಳು ತಲೆಯೆತ್ತಿ ನೋಡುತ್ತಾಳಾ? "ಅವ್ವಾ, ನಾನು ಹೊತ್ತದ್ದು ಏನು?" ಎಂದು ಕೇಳಿದರೆ ಹೇಳುತ್ತಾಳಾ? ತೀರ್ಪುಗಾರರು ಅಂಕ ಕೊಡುವುದು ಆಮೇಲೆ. ನಿಮ್ಮ ಹಿನ್ನೆಲೆ ಸಂಗೀತ ತೆಗೆದರೆ ಏನೂ ಉಳಿಯುವುದಿಲ್ಲ ಎಂದು ಆವತ್ತೇ ನನಗೆ ಅನಿಸಿತು. ಅಳುವ ಜಾಗಕ್ಕೆ ಪಿಟೀಲು, ಹೊಡೆಯುವ ಜಾಗಕ್ಕೆ ಡೋಲು. ಸಂಗೀತವೇ ಅಭಿನಯ ಮಾಡುತ್ತಿತ್ತು, ನೀವು ಅದರ ಹಿಂದೆ ಹೋಗುತ್ತಿದ್ದಿರಿ.

ದೊಡ್ಡಾಟದ ಹೆಜ್ಜೆಯ ಬಗ್ಗೆ ಜಾಸ್ತಿ ಹೇಳಲು ಹೋದರೆ ನಾನು ನಿಲ್ಲುವುದಿಲ್ಲ, ಅದಕ್ಕೆ ಒಂದೇ ಮಾತು. ಅಟ್ಟದ ಹಲಗೆಯ ಮೇಲೆ ಭೀಮ ಕಾಲಿಟ್ಟ ಸದ್ದು, ದ್ರೌಪದಿ ಕಾಲಿಟ್ಟ ಸದ್ದು ಬೇರೆ ಬೇರೆ. ಕಣ್ಣು ಮುಚ್ಚಿಕೊಂಡರೂ ಯಾರು ಬಂದರೆಂದು ತಿಳಿಯಬೇಕು. ನಿಮ್ಮ ಆರೂ ಜನರ ಕಾಲು ಒಂದೇ ಥರ ಸಪ್ಪಳ ಮಾಡಿದವು.

ಮೈಲಾರಕ್ಕೆ ಎಷ್ಟು ಜನ ಹೋಗಿದ್ದೀರಿ? ಎಲ್ಲರೂ ಹೋಗಿರುತ್ತೀರಿ. ಈ ಸೀಮೆಯಲ್ಲಿ ಹುಟ್ಟಿ ಹಡಗಲಿ ತಾಲ್ಲೂಕಿನ ಮೈಲಾರಲಿಂಗನ ಜಾತ್ರೆ ಕಾಣದವರು ಯಾರು? ಆದರೆ ಈ ಸಲ ನಟರಾಗಿ ಹೋಗಿ. ಅಲ್ಲಿ ಗೊರವಯ್ಯಗಳು ಕರಿ ಕಂಬಳಿ ಹೊದ್ದು, ಡಮರುಗ ಹಿಡಿದು ಬರುತ್ತಾರೆ. ದೋಣಿ ಸೇವೆ ಶುರುವಾಯಿತೆಂದರೆ, ಆಗಷ್ಟೇ ನಿಮ್ಮೊಡನೆ ಬೆಳೆ ಮಳೆಯ ಮಾತಾಡುತ್ತಿದ್ದ ಹಿರಿಯ ಗೊರವಯ್ಯ ಕೈಕಾಲೂರಿ ಮೈಲಾರನ ನಾಯಿಯಾಗುತ್ತಾನೆ. ದೋಣಿ ಎಂಬ ಪಾತ್ರೆಯಲ್ಲಿ ಹಾಕಿದ್ದಕ್ಕೆ ಬೊಗಳುತ್ತ, ಗುರುಗುಟ್ಟುತ್ತ, ಪಕ್ಕದವನನ್ನು ಭುಜದಿಂದ ನೂಕುತ್ತ ಬಾಯಿ ಹಾಕುತ್ತಾನೆ. ನೀವು ನಾಯಿಯ ಪಾತ್ರ ಮಾಡಿದರೆ ನಾಲಿಗೆ ಹೊರಗೆ ಚಾಚಿ ಬಾಲ ಅಲ್ಲಾಡಿಸಿ ನಗಿಸುತ್ತೀರಿ. ಆತ ನಗಿಸಲು ಆಡುವುದಿಲ್ಲ. ಬೆನ್ನುಹುರಿ ನಾಯಿಯದಾಗುತ್ತದೆ. ಕುತ್ತಿಗೆ ಕೆಳಗಾಗಿ, ಕಣ್ಣು ಮಾತ್ರ ಪಕ್ಕದ ದೋಣಿಯ ಮೇಲೆ. ನಾಚಿಕೆ ಎನ್ನುವುದನ್ನು ಕಂಬಳಿಯ ಜೊತೆ ಪಕ್ಕಕ್ಕೆ ಇಟ್ಟಂತಿರುತ್ತಾನೆ. ಭಕ್ತಿ ಇದ್ದವರಿಗೆ ಅದು ಸೇವೆ. ಭಕ್ತಿ ಇಲ್ಲದವರಿಗೂ ಒಬ್ಬ ಮನುಷ್ಯ ತನ್ನ ಮಾನಮರ್ಯಾದೆಯ ಭಾರ ಇಳಿಸಿ ಇನ್ನೊಂದು ಜೀವ ಆಗುವುದು ಕಾಣುತ್ತದೆ. ನಿಮ್ಮಲ್ಲಿ ಕೆಲವರು ಆಡುವಾಗ ಕೂದಲು ಸರಿಮಾಡಿಕೊಂಡಿರಿ. ತಮ್ಮಾ, ಕೂದಲು ನಿನ್ನದು. ಪಾತ್ರದ್ದಲ್ಲ.

ಜಾತ್ರೆಯಲ್ಲಿ ಭವಿಷ್ಯ ನುಡಿಯುವ ಕಾರಣಿಕದ ದಿನ ನಾನು ನಿಮಗೆ ತೋರಿಸಬೇಕೆಂದಿರುವುದು ಕಾರಣಿಕದ ನುಡಿಯನ್ನಲ್ಲ. ಭರತ ಹುಣ್ಣಿಮೆ ಕಳೆದು ಡೆಂಕನ ಮರಡಿಯಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆ ನುಡಿಯ ಅರ್ಥ ಹಿಡಿಯಲು ರೈತರಿಂದ ರಾಜಕಾರಣಿಗಳವರೆಗೆ ಎಲ್ಲರೂ ಬಡಿದಾಡುತ್ತಾರೆ, ಟಿವಿಯವರು ಸಂಜೆಯವರೆಗೆ ಅದನ್ನೇ ಅಗಿಯುತ್ತಾರೆ. ಅದು ಇರಲಿ. ನೀವು ಅದರ ಮುಂಚಿನ ಗಳಿಗೆಯನ್ನು ನೋಡಿ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಆ ಎತ್ತರದ ಬಿಲ್ಲನ್ನು ಏರುತ್ತಾನೆ. ಏಳುಕೋಟಿ ಎಂಬ ಕೂಗು ಹೊಲವನ್ನೆಲ್ಲ ತುಂಬಿರುತ್ತದೆ. ಮೇಲೆ ನಿಂತು, ಆಕಾಶ ನೋಡಿ, "ಸದ್ದಲೇ" ಎನ್ನುತ್ತಾನೆ. ಅಷ್ಟು ಲಕ್ಷ ಬಾಯಿಗಳು ಒಮ್ಮೆಲೇ ಮುಚ್ಚುತ್ತವೆ. ಕಂಕುಳಲ್ಲಿ ಕೂಸಿರುವ ತಾಯಿ ಕೂಸಿನ ಬೆನ್ನಿನ ಮೇಲೆ ಆಡಿಸುತ್ತಿದ್ದ ಕೈ ಕೂಡ ನಿಲ್ಲಿಸುತ್ತಾಳೆ. ಒಂದು ನುಡಿ. ಆಮೇಲೆ ಆತ ಮೇಲಿನಿಂದ ಹಾಗೇ ಬೀಳುತ್ತಾನೆ, ಕೆಳಗಿನ ಗೊರವರು ಹಿಡಿಯುತ್ತಾರೆ.

ಆ ಬೀಳುವಿಕೆಯನ್ನು ಕುರಿತು ಯೋಚಿಸಿ. ಕೆಳಗೆ ನೋಡುವುದಿಲ್ಲ. ಕೈ ಚಾಚುವುದಿಲ್ಲ. ಹಿಡಿಯುತ್ತಾರೋ ಇಲ್ಲವೋ ಎಂಬ ಅನುಮಾನ ಮೈಯ ಯಾವ ಕೀಲಿನಲ್ಲೂ ಇರುವುದಿಲ್ಲ. ನಿಮ್ಮ ಆಟದಲ್ಲಿ ಒಬ್ಬಳು ಮೂರ್ಛೆ ಹೋದಳು. ಮೂರ್ಛೆ ಹೋಗುವ ಮೊದಲು ಹಿಂದೆ ತಿರುಗಿ, ಹಿಡಿಯುವವರು ನಿಂತಿದ್ದಾರಾ ಎಂದು ನೋಡಿಕೊಂಡಳು! ಇದರಲ್ಲಿ ಅವಳದಷ್ಟೇ ತಪ್ಪಲ್ಲ. ಹಿಡಿಯಬೇಕಾದವರು ಅವಳಿಗೆ ಆ ನಂಬಿಕೆ ಕೊಟ್ಟಿಲ್ಲ. ಒಂದು ತಂಡದಲ್ಲಿ ಮೊದಲು ಕಲಿಸಬೇಕಾದದ್ದು ಬೀಳುವುದನ್ನಲ್ಲ, ಹಿಡಿಯುವುದನ್ನು. ದಿನಾ ತಾಲೀಮಿಗೆ ಮೊದಲು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ಬೀಳಿ, ಉಳಿದವರು ಹಿಡಿಯಿರಿ. ಹುಡುಗಿಯರು ಹುಡುಗಿಯರನ್ನು ಹಿಡಿಯಲಿ, ಮನೆಯವರಿಗೂ ಸಮಾಧಾನ. ಆಮೇಲೆ ಉಳಿದ ಮಾತು.

ಇನ್ನೊಂದು ಪಾಠ ಮೈಲಾರದಿಂದ ನಾಲ್ಕು ಹೆಜ್ಜೆ ಆಚೆ, ಹೊಳೆಯ ದಂಡೆಯ ಕುರುವತ್ತಿಯಲ್ಲಿದೆ. ಮಲ್ಲಿಕಾರ್ಜುನನ ಗುಡಿ, ಕಲ್ಯಾಣ ಚಾಲುಕ್ಯರ ಕಾಲದ್ದು. ಕಂಬದ ಮೇಲೆ ಆನಿಸಿದ ಮದನಿಕೆಯರು ಬೇಲೂರಿನವರಿಗಿಂತ ಹಿರಿಯರು. ಬೇಲೂರಿಗೆ ಪ್ರವಾಸ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತೀರಿ, ಕುರುವತ್ತಿಗೆ ಶಿವರಾತ್ರಿಯ ಜಾತ್ರೆಗೆ ಹೋದರೂ ಮಂಡಕ್ಕಿ ಮಿರ್ಚಿ ತಿಂದು ವಾಪಸ್ಸು. ತಲೆಯೆತ್ತಿ ನೋಡಿ. ಮೈಯ ಭಾರವೆಲ್ಲ ಒಂದು ಕಾಲಿನ ಮೇಲೆ, ಆ ಕಡೆಯ ಸೊಂಟ ಹೊರಗೆ, ಅದಕ್ಕೆ ಎದುರಾಗಿ ಹೆಗಲು ಈ ಕಡೆ. ಅಲುಗದ ಕಲ್ಲು ಈಗಷ್ಟೇ ಅಲುಗಿತೇನೋ ಎನಿಸುವುದು ಅದರಿಂದಲೇ. ನೀವು ನಿಲ್ಲುವಾಗ ಎರಡೂ ಕಾಲಿನ ಮೇಲೆ ಸಮನಾಗಿ ನಿಲ್ಲುತ್ತೀರಿ, ಕವಾಯತಿನವರ ಹಾಗೆ. ಬದುಕಿರುವ ಮನುಷ್ಯ ಹಾಗೆ ನಿಲ್ಲುವುದು ಅಪರೂಪ.

ಈಗ ಸ್ವಲ್ಪ ಬಿಗಿಯಾಗಿ ಮಾತಾಡಬೇಕು. ನಿಮ್ಮ ಆಟದ ನಡುವೆ ನಗಿಸಲೆಂದು ಒಬ್ಬ ಸೆರಗು ಹೊದ್ದು, ಚಪ್ಪಾಳೆ ತಟ್ಟಿ ಜೋಗಪ್ಪನ ನಕಲು ಮಾಡಿದ. ಇನ್ನೊಬ್ಬ ಕುಂಟುವವನ ನಕಲು ಮಾಡಿದ. ಜನ ಬಿದ್ದು ಬಿದ್ದು ನಕ್ಕರು. ನಗು ಬಂದದ್ದೆಲ್ಲ ಕಲೆ ಅಲ್ಲ ಮಕ್ಕಳೇ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಗೆ ಬರುವ ದಾರಿಯಲ್ಲಿ ಮರಿಯಮ್ಮನಹಳ್ಳಿ ಸಿಗುತ್ತದೆ. ನೀವು ನಕಲು ಮಾಡಿದ ಆ ಜೋಗಪ್ಪಗಳ ಬಳಗದ ಮಂಜಮ್ಮ ಜೋಗತಿ ಆ ಊರಿನವರೆಂದೇ ಹೆಸರಾದವರು. ಮನೆಯವರು ಹೊರಗಿಟ್ಟರು, ಬೀದಿಯಲ್ಲಿ ಬೇಡಿದರು, ಮನಸ್ಸು ಮುರಿದು ಸಾಯಲೂ ಹೊರಟಿದ್ದರು. ಜೋಗತಿ ಕುಣಿತ ಅವರನ್ನು ಎತ್ತಿ ನಿಲ್ಲಿಸಿತು. ತಲೆಯ ಮೇಲೆ ಕೊಡ, ಕೆಳಗೆ ಇಡೀ ಮೈ ಕುಣಿಯುತ್ತಿದೆ, ಕೊಡ ಮಾತ್ರ ಅಲುಗುವುದಿಲ್ಲ. ಕುತ್ತಿಗೆಯ ಮೇಲಿನದನ್ನು ಬೇರೆ, ಕೆಳಗಿನದನ್ನು ಬೇರೆ ಮಾಡುವ ಆ ಹತೋಟಿಗಾಗಿ ಪ್ಯಾರಿಸ್ಸಿನ ಮೂಕಾಭಿನಯದ ಶಾಲೆಯಲ್ಲಿ ವರ್ಷಗಟ್ಟಲೆ ದುಡಿಯುತ್ತಾರೆ. ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ದೆಹಲಿಗೆ ಹೋದರು.

ಆ ವಿಡಿಯೋ ನಿಮ್ಮ ಮೊಬೈಲಿನಲ್ಲೇ ಸಿಗುತ್ತದೆ. ಗಾಜಿನ ಗೋಡೆಯ ವಿಡಿಯೋ ಬಿಟ್ಟು ಅದನ್ನು ನೋಡಿ. ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರ ಮುಂದೆ ಬಂದು ಸೆರಗಿನ ಅಂಚು ಹಿಡಿದು ಅವರಿಗೆ ದೃಷ್ಟಿ ತೆಗೆದರು. ಎರಡು ಮೂರು ಸೆಕೆಂಡಿನ ಕೆಲಸ, ಮಾತೇ ಬೇಕಾಗಲಿಲ್ಲ. ಬೇಡಲು ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಲೋಕದ ಎದುರು, ಹರಸುವ ಹಕ್ಕು ತನ್ನದು ಎಂದು ಆ ಸೆರಗು ಹೇಳಿತು. ಕನ್ನಡ ಬಾರದವರಿಗೂ ತಿಳಿಯಿತು. ನೀವು ನಕಲು ಮಾಡಿದ ಚಪ್ಪಾಳೆಯ ಹಿಂದೆ ಇಂಥ ಒಂದು ಬದುಕು ಇರುತ್ತದೆ. ಉಚ್ಚಂಗಿದುರ್ಗದ ಗುಡ್ಡದ ಕೆಳಗೆ, ನಮ್ಮ ಸೀಮೆಯ ಕೇರಿಗಳಲ್ಲಿ, ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಬದುಕೂ ಇದೆ. ಸರ್ಕಾರ 1982ರಲ್ಲಿ ಕಾಯ್ದೆ ತಂದು ನಿಷೇಧಿಸಿದ ದೇವದಾಸಿ ಪದ್ಧತಿ ಅದು. ಆ ಮನೆಗಳ ಮಕ್ಕಳು ನಿಮ್ಮ ತರಗತಿಯಲ್ಲೇ ಕೂತಿರಬಹುದು, ನಿಮ್ಮ ಆಟವನ್ನು ಸುತ್ತ ನಿಂತವರ ನಡುವೆ ನಿಂತು ನೋಡಿರಬಹುದು. ಇನ್ನೊಬ್ಬರ ಮೈಯನ್ನು ನಿಮ್ಮ ಮೈ ಮೇಲೆ ತೆಗೆದುಕೊಳ್ಳುವುದು ಸಾಲ ಮಾಡಿದ ಹಾಗೆ. ಹಿಂದಿರುಗಿಸುವಾಗ ಮಾನ ಕಡಿಮೆಯಾಗಿರಬಾರದು. ಆ ಎರಡು ಭಾಗ ತೆಗೆದುಹಾಕಿ. ಇದು ಸಲಹೆ ಅಲ್ಲ, ಅಜ್ಜನ ಅಪ್ಪಣೆ ಅಂದುಕೊಳ್ಳಿ.

ಮಾತಿಲ್ಲದೆ ಐದು ನಿಮಿಷ ಜನರನ್ನು ಹಿಡಿದಿಡುವುದು ಆಗುತ್ತದಾ ಎಂದು ನಿಮ್ಮಲ್ಲೊಬ್ಬ ಕೇಳಿದ. 1987ರಲ್ಲಿ ಬಂದ ಪುಷ್ಪಕ ವಿಮಾನದಲ್ಲಿ ಸಿಂಗೀತಂ ಶ್ರೀನಿವಾಸರಾವ್ ಎರಡು ಗಂಟೆ ಹಿಡಿದಿಟ್ಟರು, ಒಂದು ಸಂಭಾಷಣೆ ಇಲ್ಲ. ಶಿವರಾಮ ಕಾರಂತರು ಯಕ್ಷಗಾನದಿಂದ ಅರ್ಥಗಾರಿಕೆಯ ಮಾತನ್ನೇ ತೆಗೆದು, ಹಾಡು ಕುಣಿತಗಳಲ್ಲೇ ಪ್ರಸಂಗ ನಡೆಸಿದರು. ಮಾತೇ ಜೀವ ಎಂದುಕೊಂಡಿದ್ದವರು ಅವರ ಮೇಲೆ ಮುನಿದರು. ಮಾತಿನ ಸೊಗಸು ಉಂಡು ಬೆಳೆದ ನನಗೂ ಅದು ಪೂರಾ ಒಪ್ಪಿಗೆಯಾಗುವುದಿಲ್ಲ. ಆದರೆ ಮಾತು ತೆಗೆದಾಗ ಏನು ಉಳಿಯುತ್ತದೆ ಎಂದು ನೋಡುವ ಧೈರ್ಯವನ್ನು ಮೆಚ್ಚುತ್ತೇನೆ.

ಕಡೆಗೆ, ಯಾವ ಕಥೆ ಮಾಡುವುದು? ನಗಿಸಲೇಬೇಕು ಎಂದರೆ ಹರಪನಹಳ್ಳಿಯ ಹುಡುಗರ ಕೈಗೆ ಕೊಡಿ. ಅವರ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಒಬ್ಬ ರೈತ, ಒಂದು ಕಡತ. ಹರೆಯದಲ್ಲಿ ಕಡತ ಹಿಡಿದು ಬಸ್ಸು ಹತ್ತಿದವನು ಇಳಿಯುವಾಗ ಮುದುಕ. ಕಡತ ದಪ್ಪವಾಗುತ್ತ ಹೋಗಬೇಕು, ಅವನು ತೆಳ್ಳಗಾಗುತ್ತ ಹೋಗಬೇಕು. ಕಡತದ ಭಾರ ಸರಿಯಾಗಿ ಬಂದರೆ ನಗು ತಾನಾಗಿ ಬರುತ್ತದೆ, ಯಾರನ್ನೂ ಅಣಕಿಸುವ ಗೊಡವೆ ಬೇಡ.

ನನ್ನ ಮನಸ್ಸಿನಲ್ಲಿರುವುದು ಗುಳೆಯ ಕಥೆ. ಕೂಡ್ಲಿಗಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ರಾತ್ರಿ ಬಸ್ಸಿಗೆ ಗಂಟುಮೂಟೆ ಏರುತ್ತವೆ. ಜೋಳದ ಹಿಟ್ಟಿನ ಚೀಲ, ಹಾಸಿಗೆ ಸುರುಳಿ, ಕಂಕುಳಲ್ಲಿ ಕೂಸು. ಬೆಂಗಳೂರಿನ ಕಟ್ಟಡಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಹೊರಟವರು. ಆರು ಜನ ಇದ್ದೀರಿ. ಐದು ಜನ ಬಸ್ಸು ಹತ್ತಲಿ, ಒಬ್ಬಳು ಮುದುಕಿ ಉಳಿಯಲಿ. ಹತ್ತುವವರ ಮೈಯಲ್ಲಿ ಮೂಟೆಗಳ ಭಾರ, ಉಳಿದವಳ ಕೈ ಖಾಲಿ. ಆ ಖಾಲಿ ಕೈಗೆ ಅವರೆಲ್ಲರ ಮೂಟೆಗಿಂತ ಹೆಚ್ಚು ಭಾರ ಬರುವ ಹಾಗೆ ಮಾಡುವುದು ನಿಮ್ಮಲ್ಲಿ ಯಾರ ಕೈಲಿ ಆಗುತ್ತದೆ? ಹಿಂದೆ ನಿಂತಿದ್ದ ಆ ಹುಡುಗನೇ ಮುದುಕಿಯಾಗಲಿ ಎಂದು ನನ್ನ ಅಭಿಪ್ರಾಯ. ಹುಡುಗಿಯರು ಒಪ್ಪದೆ ಜಗಳ ತೆಗೆದರೆ ತೆಗೆಯಲಿ. ಬಸ್ಸು ಹೋದ ಮೇಲೆ ಅವಳು ಮನೆಗೆ ಬಂದು ಒಬ್ಬಳಿಗೆ ಎಷ್ಟು ಹಿಟ್ಟು ನಾದಬೇಕೆಂದು ಅಳೆಯುತ್ತಾಳೋ, ಬೀದಿಯಲ್ಲೇ ನಿಂತಿರುತ್ತಾಳೋ, ಬೈಯುತ್ತಾಳೋ, ಅದನ್ನು ನೀವೇ ಕಟ್ಟಿ. ನಿಮ್ಮ ಮನೆಗಳಲ್ಲಿ ಅಂಥ ಅಜ್ಜಿಯರು ಇದ್ದಾರೆ. ಮೊದಲು ಹೋಗಿ ಅವರ ಪಕ್ಕ ಕೂತು ರೊಟ್ಟಿ ತಟ್ಟುವುದನ್ನು ನೋಡಿ. ಈ ವಾರ ತಾಲೀಮು ಬೇಡ. ಬರುವ ಆದಿತ್ಯವಾರ ಬೆಳಿಗ್ಗೆ ಬರ್ರಿ, ಬಿಸಿಲೇರುವ ಮುಂಚೆ. ಒಂದು ಖಾಲಿ ಕೊಡ, ಒಂದು ಮೂಟೆ, ಮುಖಕ್ಕೆ ಕಟ್ಟಿಕೊಳ್ಳಲು ಆರು ಟವೆಲ್ಲು ತರ್ರಿ. ಮೊದಲ ಒಂದು ತಾಸು ನಿಜವಾದದ್ದನ್ನೇ ಹೊತ್ತು ಅಂಗಳ ಸುತ್ತಬೇಕು, ಆಮೇಲೆ ಅದನ್ನು ಇಳಿಸಿ ಬರಿಗೈಯಲ್ಲಿ ಸುತ್ತಬೇಕು. ಸೊಂಟ ನೋಯುತ್ತದೆ ಎಂದು ದೂರು ಹೇಳಿದವರಿಗೆ ಮಾತ್ರ ನಾನು ಪಾತ್ರ ಹಂಚುವುದು.